ಗೃಹಿಣಿಗೊಂದು ಹೆವಿ ಲೈಸೆನ್ಸು

ಸಾರಿಗೆ ವಾಹನ ಓಡಿಸುವವರಿಗೆ 20 ವರ್ಷ ತುಂಬಿರಬೇಕು ಅನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆ. ಲಘು ವಾಹನದ ಲೈಸೆನ್ಸು ಕೈಗೆ ಬಂದು ಕನಿಷ್ಠ ಒಂದು ವರ್ಷ ಆಗಿರಬೇಕು. ಎಲ್‌ಎಲ್ ಅನ್ನುವ ಕಲಿಕಾ ಲೈಸೆನ್ಸು ಬೇಕು, ಡಾಕ್ಟರ ಸರ್ಟಿಫಿಕೇಟು ಬೇಕು, ಡ್ರೈವಿಂಗ್ ಸ್ಕೂಲಿನ ಸರ್ಟಿಫಿಕೇಟು ಬೇಕು, ಟೆಸ್ಟು ಬೇಕು. ಇಷ್ಟೆಲ್ಲ ಆದಮೇಲೂ ಸರಕಾರಕ್ಕೆ ಪೂರ್ತಿ ನಂಬಿಕೆ ಬರುವುದಿಲ್ಲ. 5 ವರ್ಷಕ್ಕೊಮ್ಮೆ ರಿನ್ಯೂವಲ್ಲು. ತುಂಬಿದ ಸಂಸಾರ ಓಡಿಸುವ ಕೆಲಸವನ್ನು ಮಾತ್ರ ನನ್ನ ಕೈಗೆ 19ಕ್ಕೇ ಕೊಟ್ಟರು. ಎಲ್‌ಎಲ್ ಇಲ್ಲ, ಟ್ರೈನಿಂಗ್ ಇಲ್ಲ, ರಿವರ್ಸ್ ಗೇರಂತೂ ತಾಳಿ ಕಟ್ಟುವಾಗಲೇ ಕಿತ್ತಿಟ್ಟಿದ್ದರು.

ನಮ್ಮದು ತಿಪಟೂರು ಕಡೆ. ತೋಟ ಇದ್ದವರು ದುಡಿಯಬೇಕಿಲ್ಲ ಅನ್ನೋ ಕಾಲ ಒಂದಿತ್ತು. ಈಗ ತೆಂಗಿಗೆ ಬಿಳಿನೊಣ, ಕಪ್ಪುತಲೆ ಹುಳು, ಕಾಂಡ ಸೋರುವ ರೋಗ ಸರದಿ ಮೇಲೆ ಬರುತ್ತಿವೆ. ಅಟ್ಟದ ಮೇಲಿನ ಕೊಬ್ಬರಿ ವರ್ಷದಿಂದ ವರ್ಷಕ್ಕೆ ಕರಗುತ್ತಿದೆ. ಸಾಲದ್ದಕ್ಕೆ ಕಾಯಿ ಸುಲಿದ ಮಟ್ಟೆ ಒಯ್ಯೋಕೆ ಲಾರಿ ಬರಲಿಲ್ಲ. ಲಾರಿ ಇದೆ, ಡ್ರೈವರ್ ಇಲ್ಲ ಅಂದರು. ಇದ್ದ ಹುಡುಗರೆಲ್ಲ ಬೆಂಗಳೂರಿಗೆ ಹೋಗಿ ಕ್ಯಾಬು ಹಿಡಿದಿದ್ದಾರೆ. ನಾದಿನಿ ಮಗಳ ಆರತಕ್ಷತೆಯಲ್ಲಿ ಊಟಕ್ಕೆ ಕೂತಾಗ ಗಂಡಸರೆಲ್ಲ ಇದೇ ವಿಷಯಕ್ಕೆ ಲೊಚಗುಟ್ಟುತ್ತಿದ್ದರು. ನಾನು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಅದೇನು ಮಹಾ, ನಾನೇ ಓಡಿಸ್ತೀನಿ ಬಿಡಿ" ಅಂದೆ. ಇಡೀ ಪಂಕ್ತಿ ನಕ್ಕಿತು. ಬಡಿಸುವವನೂ ನಕ್ಕ. ಬಡಿಸುವವನು ನಕ್ಕಿರದಿದ್ದರೆ ಈ ಲೇಖನ ಹುಟ್ಟುತ್ತಿರಲಿಲ್ಲ.

ಮನೆಯಲ್ಲಿ ವಿಚಾರಣೆ ಶುರುವಾಯಿತು. ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು; ಏನನ್ನಾದರೂ ವಿರೋಧಿಸುವ ಮೊದಲು ದಾಖಲೆ ಓದುತ್ತಾರೆ. "ನಿನ್ನ ಓಮ್ನಿ ಲೈಸೆನ್ಸಲ್ಲೇ ಒಟ್ಟು ತೂಕ 7,500 ಕೆ.ಜಿ. ಮೀರದ ಗೂಡ್ಸ್ ಗಾಡಿ ಓಡಿಸಬಹುದು ಅಂತ 2024ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೇಳಿದೆ. ಅಷ್ಟು ಸಾಲದಾ?" ಅಂದರು. ಏಳೂವರೆ ಟನ್ನಿಗೆ ತೃಪ್ತಿಪಡುವ ಹೆಂಗಸಾಗಿದ್ದರೆ ನಾನು ಆರತಕ್ಷತೆಯಲ್ಲಿ ಬಾಯಿ ಮುಚ್ಚಿಕೊಂಡು ಒಬ್ಬಟ್ಟು ತಿನ್ನುತ್ತಿದ್ದೆ. ಮಗ, "ಅಮ್ಮಾ, ನೀನು ಓಮ್ನೀನೇ ಕಾಂಪೌಂಡಿಗೆ ಉಜ್ಜಿ ಉಜ್ಜಿ ಒಂದು ಕಡೆ ಬಣ್ಣ ಇಲ್ಲದಂಗೆ ಮಾಡಿದೀಯ" ಎಂದು ನೆನಪಿಸಿದ. ಅತ್ತೆ ಮಾತ್ರ ಅಡಿಕೆ ಕತ್ತರಿಸುತ್ತಾ ಒಂದೇ ಪ್ರಶ್ನೆ ಕೇಳಿದರು: "ಸಂಬಳ ಎಷ್ಟಂತೆ?"

ಮೊದಲ ಮೆಟ್ಟಿಲು ಮೆಡಿಕಲ್ಲು. ಒಂದು-ಎ ಅನ್ನುವ ಫಾರಂ ಇದೆ. ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟು ಓದಬಲ್ಲರೇ, ಕೆಂಪು ಹಸಿರು ಗುರುತಿಸಬಲ್ಲರೇ ಎಂದು ಅದು ಡಾಕ್ಟರನ್ನು ಕೇಳುತ್ತದೆ. ಎದುರುಮನೆಯವರು ಸೀರೆಯಿಂದ ಬಿಚ್ಚದೆ ಬಿಟ್ಟಿದ್ದ ಬೆಲೆಚೀಟಿಯನ್ನು ನಮ್ಮ ಜಗುಲಿಯಿಂದಲೇ ಓದಿದವಳು ನಾನು. ರಾಮಾ ಗ್ರೀನಿಗೂ ಬಾಟಲ್ ಗ್ರೀನಿಗೂ ವ್ಯತ್ಯಾಸ ಹೇಳಲು ಶುರುಮಾಡಿದಾಗ ಡಾಕ್ಟರು ಅವಸರದಲ್ಲಿ ಸಹಿ ಹಾಕಿಬಿಟ್ಟರು. ಅರ್ಜಿಯಲ್ಲಿ ವಿದ್ಯಾರ್ಹತೆ ಎಂದಿದ್ದ ಕಡೆ ಹೆಮ್ಮೆಯಿಂದ ಬಿ.ಎ. ಅಂತ ಬರೆದೆ. ಸಾರಿಗೆ ವಾಹನಕ್ಕೆ ಮೊದಲು ಎಂಟನೇ ಕ್ಲಾಸು ಓದಿರಬೇಕಿತ್ತಂತೆ, 2019ರಲ್ಲಿ ಅದನ್ನೂ ತೆಗೆದುಹಾಕಿದರಂತೆ. ನನ್ನ ಬಿ.ಎ.ಗೆ ಮನೆಯಲ್ಲಿ ಬೆಲೆ ಇರಲಿಲ್ಲ. ಈಗ ಗೊತ್ತಾಯಿತು, ಹೊರಗೂ ಇಲ್ಲ.

ಡ್ರೈವಿಂಗ್ ಸ್ಕೂಲಿನ ಲಾರಿ ನನಗಿಂತ ಹೆಚ್ಚು ಕಷ್ಟ ಕಂಡ ಜೀವ. ಪವರ್ ಸ್ಟೀರಿಂಗ್ ಅನ್ನುವುದನ್ನು ಅದು ಕೇಳಿಯೇ ಇರಲಿಲ್ಲ. ಹತ್ತುವುದಕ್ಕೇ ಒಂದು ಪಾಠ: ಯಾವ ಕಾಲು ಮೊದಲು, ಯಾವ ಕೈ ಎಲ್ಲಿ, ಸೆರಗು ಎಲ್ಲಿ. ಎರಡನೇ ದಿನದಿಂದ ಚೂಡಿದಾರಕ್ಕೆ ಬಡ್ತಿ ಪಡೆದೆ. ಹವಾ ಬ್ರೇಕಿನ ಗಾಡಿ. ಇಂಜಿನ್ ಚಾಲೂ ಮಾಡಿ ಗಾಳಿಯ ಮೀಟರಿನ ಮುಳ್ಳು ಮೇಲೇರುವ ತನಕ ಕಾಯಬೇಕು. ಟ್ಯಾಂಕಿನಲ್ಲಿ ಗಾಳಿ ತುಂಬದೆ ಗಾಡಿ ಕದಲಬಾರದು. ತಿರುವಿನಲ್ಲಿ ಮೂತಿ ದಾಟಿತು ಎಂದು ಸಂತೋಷಪಡುವ ಹಾಗಿಲ್ಲ. ಹಿಂದಿನ ಚಕ್ರ ಒಳಗೆ ಕಡಿದುಕೊಂಡು ಬರುತ್ತದೆ. ಅದಕ್ಕೇ ಅಗಲ ತಗೊಂಡು, ತಡಮಾಡಿ ತಿರುಗಿಸಬೇಕು. ನಾನು ಮೊದಮೊದಲು ರಿವರ್ಸ್ ಹಾಕಿ ಅಭ್ಯಾಸಬಲದಿಂದ ಕತ್ತು ಹಿಂದಕ್ಕೆ ತಿರುಗಿಸುತ್ತಿದ್ದೆ. ಅಲ್ಲಿ ಕಾಣುತ್ತಿದ್ದುದು ಕ್ಯಾಬಿನ್ನಿನ ಹಲಗೆ ಮತ್ತು ಅದಕ್ಕೆ ಅಂಟಿಸಿದ್ದ ಧರ್ಮಸ್ಥಳದ ಮಂಜುನಾಥ. ಲಾರಿಯಲ್ಲಿ ಹಿಂದಿನ ಲೋಕ ಇರುವುದು ಎರಡು ಕನ್ನಡಿಗಳಲ್ಲಿ, ಮಿಕ್ಕಿದ್ದು ಕ್ಲೀನರನ ಗಂಟಲಲ್ಲಿ.

ಈ ಗಂಟಲಿನ ಮಹಿಮೆ ಹೇಳಲೇಬೇಕು. ಮನೆಯಲ್ಲಿ ಓಮ್ನಿ ಹಿಂದಕ್ಕೆ ತೆಗೆಯುವಾಗ ಯಜಮಾನರು ಹಿಂದೆ ನಿಂತು "ಬಾ, ಬಾ, ಬಾ, ಬಾ" ಅನ್ನುತ್ತಾರೆ. ಕಾಂಪೌಂಡಿಗೆ ತಾಗಿದ ಸದ್ದು ಬಂದಮೇಲೆ "ಸಾಕು" ಅನ್ನುತ್ತಾರೆ. ಕ್ಲೀನರ್ ಹುಡುಗ ಹಾಗಲ್ಲ. "ಬರ್ಲಿ, ಬರ್ಲಿ, ಲೆಫ್ಟ್ ಕಟ್ ಮಾಡಿ, ಸೀದಾ, ಬರ್ಲಿ, ಹೋಲ್ಡಾನ್!" ಜೊತೆಗೆ ಲಾರಿಯ ಬಾಡಿ ಮೇಲೆ ಒಂದು ಏಟು. ಒಂದು ಏಟಿಗೆ ನಿಲ್ಲಬೇಕು, ಎರಡು ಏಟಿಗೆ ಹೊರಡಬೇಕು. ಆ ಹೋಲ್ಡಾನ್ ಗೋಡೆಗಿಂತ ಒಂದು ಮೊಳ ಮೊದಲೇ ಬರುತ್ತದೆ. ಇಷ್ಟು ವರ್ಷದ ದಾಂಪತ್ಯದಲ್ಲಿ ನನಗೆ ಸಿಗದಿದ್ದದ್ದು ಆ ಒಂದು ಮೊಳ.

ಟೆಸ್ಟಿನ ದಿನ ಮೈದಾನದಲ್ಲಿ ಎಂಟು, ಎಚ್ಚು ಬರೆದಿದ್ದರು. ಸಾಲಿನಲ್ಲಿದ್ದ ಹುಡುಗರು ನಾನು ಯಾರದೋ ತಾಯಿ ಎಂದುಕೊಂಡು ಸ್ಟೂಲು ತಂದುಕೊಟ್ಟು ಕೂರಿಸಿದರು. ಇನ್‌ಸ್ಪೆಕ್ಟರು ಹೆಸರು ಕೂಗಿದಾಗ ನಾನು ಎದ್ದೆ. ಅವರು ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರಾ ಎಂದು ನೋಡಿದರು. ಯಾರೂ ಬರಲಿಲ್ಲ. ಎಂಟು ಸುತ್ತುವಾಗ ನನ್ನ ತೋಳು ಬಿದ್ದುಹೋಗುತ್ತದೇನೋ ಅನ್ನಿಸಿತು. ಆದರೆ ಸಂಕ್ರಾಂತಿಗೆ ಇಡೀ ಬೀದಿಗೆ ಎಳ್ಳು-ಬೆಲ್ಲ ಕತ್ತರಿಸಿ ಹಂಚಿದ ತೋಳದು, ಬೀಳಲಿಲ್ಲ. ಪಾಸು. ಮನೆಗೆ ಪೋಸ್ಟಿನಲ್ಲಿ ಬಂದ ಕಾರ್ಡನ್ನು ಅತ್ತೆ ದೇವರ ಮುಂದಿಟ್ಟು ಕುಂಕುಮ ಹಚ್ಚಿದರು. ಫೋಟೋದಲ್ಲಿ ನನ್ನ ಮೂಗಿನ ಮೇಲೆ ಆ ಕುಂಕುಮ ಈಗಲೂ ಇದೆ.

ಲೈಸೆನ್ಸು ಸಿಕ್ಕಿತು ಎಂದರೆ ಕೆಲಸ ಸಿಕ್ಕಿತು ಎಂದಲ್ಲ. ಡ್ರೈವರ್ ಇಲ್ಲ ಡ್ರೈವರ್ ಇಲ್ಲ ಎಂದು ಅಳುತ್ತಿದ್ದ ಓನರುಗಳೆಲ್ಲ ನನ್ನನ್ನು ಕಂಡ ಕೂಡಲೇ "ಸದ್ಯಕ್ಕೆ ಇದಾರೆ ಮೇಡಂ" ಅನ್ನತೊಡಗಿದರು. ಕೆ.ಬಿ. ಕ್ರಾಸಿನ ಆಚೆ ನಾರಿನ ಫ್ಯಾಕ್ಟರಿ ಇಟ್ಟವರೊಬ್ಬರು ಮಾತ್ರ, "ಕುಡೀತೀರಾ?" ಅಂತ ಕೇಳಿದರು. ಕಾಫಿಗೆ ಕರೆಯುತ್ತಿದ್ದಾರೆ ಎಂದುಕೊಂಡು, "ಹೂಂ, ಸಕ್ಕರೆ ಕಮ್ಮಿ" ಅಂದೆ. ಅವರು ನಕ್ಕು, ಒಂದಷ್ಟು ದಿನ ನಮ್ಮ ಹಳೆಯ ಡ್ರೈವರ್ ಉಸ್ತಾದರ ಜೊತೆ ಓಡಾಡಿ ಅಂದರು. ಹೀಗೆ ನಾನು ಆರು ಚಕ್ರದ, ಸರಕು ಸೇರಿ 18.5 ಟನ್ ತೂಗಬಹುದಾದ ಲಾರಿಯ ಎರಡನೇ ಡ್ರೈವರಾದೆ.

ಉಸ್ತಾದರಿಗೆ ಅರವತ್ತರ ಆಸುಪಾಸು, ಮಾತು ಕಡಿಮೆ. ಮೊದಲ ಬೆಳಗ್ಗೆ ನನ್ನ ಕೈಗೆ ಜಾಕ್ ರಾಡು ಕೊಟ್ಟು, "ಟಯರು ನೋಡಮ್ಮ" ಅಂದರು. ನಾನು ಕಣ್ಣಿಂದ ನೋಡಿದೆ. "ಕಿವಿಯಿಂದ" ಅಂದರು. ಹಿಂದೆ ಜೋಡಿ ಟಯರು. ಒಳಗಿನದರ ಗಾಳಿ ಹೋಗಿದ್ದರೂ ಹೊರಗಿನದು ಮುಚ್ಚಿಟ್ಟುಕೊಳ್ಳುತ್ತದೆ. ರಾಡಿನಿಂದ ಹೊಡೆದರೆ ಗಾಳಿ ಇರುವುದು ಪುಟಿದು ಟಣ್ಣೆನ್ನುತ್ತದೆ, ಇಲ್ಲದ್ದು ದಬ್ಬೆಂದು ಸುಮ್ಮನಾಗುತ್ತದೆ. ನಮ್ಮ ಕಡೆ ಉಂಡೆ ಕೊಬ್ಬರಿಗೆ ಕಾಯನ್ನು ಹತ್ತು-ಹನ್ನೊಂದು ತಿಂಗಳು ಅಟ್ಟದಲ್ಲಿ ಒಣಗಲು ಬಿಡುತ್ತೇವೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಗಿಟುಕು ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುವುದು ಹೆಂಗಸರ ಕೆಲಸ. ಟಯರಿನ ಲೆಕ್ಕವೂ ಕಾಯಿಯ ಲೆಕ್ಕವೇ. ಒಂದು ಸುತ್ತು ಹೊಡೆದು ಬಂದು, "ಎಡಗಡೆ ಹಿಂದೆ, ಒಳಗಿನದು ಬಲಿತಿಲ್ಲ" ಅಂದೆ. ಉಸ್ತಾದರು ಮತ್ತೊಮ್ಮೆ ಹೊಡೆದು ನೋಡಿ, ಕ್ಲೀನರ್ ಹುಡುಗನನ್ನು ಪಂಕ್ಚರ್ ಅಂಗಡಿಗೆ ಓಡಿಸಿದರು. ನನ್ನ ಬಿ.ಎ.ಗೆ ಸಿಗದ ಮರ್ಯಾದೆ ಅಟ್ಟಕ್ಕೆ ಸಿಕ್ಕಿತು.

ಮೊದಲ ದೊಡ್ಡ ಲೋಡು ಮಂಗಳೂರು ಬಂದರಿಗೆ. ನಾರಿನ ಹುಡಿಯನ್ನು ಒತ್ತಿ ಮಾಡಿದ 5 ಕೆ.ಜಿ.ಯ ಇಟ್ಟಿಗೆಗಳು. ಮನೆಯಿಂದ ಹೊರಡುವಾಗ ಅತ್ತೆ ಚಕ್ರಕ್ಕೆ ನಿಂಬೆಹಣ್ಣು ಇಟ್ಟರು, ಕೈಗೆ ಚಟ್ನಿಪುಡಿ, ಕೋಡುಬಳೆ, ಅವಲಕ್ಕಿ, ಎರಡು ಥರದ ಉಪ್ಪಿನಕಾಯಿ ಇದ್ದ ಚೀಲ ಕೊಟ್ಟರು. ಬಂಕಿನಲ್ಲಿ ಉಸ್ತಾದರು "ಯೂರಿಯಾ ಹಾಕ್ಸಬೇಕು" ಅಂದದ್ದು ಫೋನಿನಲ್ಲಿದ್ದ ಅತ್ತೆಯ ಕಿವಿಗೆ ಬಿತ್ತು. "ತೋಟಕ್ಕೇ ಚೀಲ ಸಿಗ್ತಾ ಇಲ್ಲ, ಲಾರಿಗ್ಯಾಕೆ ಹಾಕ್ತೀರಿ?" ಬಿಎಸ್-6 ಗಾಡಿಯ ಹೊಗೆ ಶುದ್ಧಮಾಡಲು ಯೂರಿಯಾ ಬೆರೆಸಿದ ನೀರು ಬೇಕು ಅಂತ ನಾನು ವಿವರಿಸಿದೆ. "ಹೊಗೆ ಶುದ್ಧ ಮಾಡೋದಿದ್ರೆ ನಮ್ಮ ಹಂಡೆ ಒಲೆಗೆ ಮೊದಲು ಹಾಕಿ" ಎಂದು ಫೋನ್ ಇಟ್ಟರು.

ಹಾಸನ ದಾಟಿದ ಮೇಲೆ ಡಾಬಾ. ಉಸ್ತಾದರು, ಕ್ಲೀನರ್ ಹುಡುಗ ಹೊರಗೆ ಮಂಚದ ಮೇಲೆ ಕಾಲು ಚಾಚಿದರು. ನನ್ನನ್ನು ಕಂಡ ಸಪ್ಲೈಯರ್, "ಮೇಡಂ, ಫ್ಯಾಮಿಲಿ ರೂಮು ಒಳಗಿದೆ" ಎಂದು ಕರೆದೊಯ್ದು ಕೂರಿಸಿದ. ಪರದೆ, ಫ್ಯಾನು, ಆರು ಕುರ್ಚಿ, ನಾನೊಬ್ಬಳೇ ಫ್ಯಾಮಿಲಿ. ಕೆಲಸಕ್ಕೆ ಹೊರಟಿದ್ದೇ ಫ್ಯಾಮಿಲಿಯಿಂದ ಸ್ವಲ್ಪ ಹೊತ್ತು ಹೊರಗಿರೋಣ ಎಂದು! ಪರದೆ ಸರಿಸಿ, ಚಟ್ನಿಪುಡಿ ಡಬ್ಬಿ ಹಿಡಿದು ಹೊರಗಿನ ಮಂಚಕ್ಕೇ ಬಂದೆ. ಆದರೆ ಆ ಡಾಬಾಕ್ಕೆ ನಾನು ಒಂದು ಕಾರಣಕ್ಕೆ ಋಣಿ: ಅಲ್ಲಿ ಬಾಗಿಲಿಗೆ ಚಿಲಕ ಇರುವ ಶೌಚಾಲಯವಿತ್ತು. ಹೆದ್ದಾರಿಯಲ್ಲಿ ಗಂಡಸು ಡೀಸೆಲ್ಲಿನ ಲೆಕ್ಕ ಇಡುತ್ತಾನೆ. ಹೆಂಗಸು ಕುಡಿದ ನೀರಿನ ಲೆಕ್ಕ ಇಡುತ್ತಾಳೆ.

ಚಾರ್ಮಾಡಿಯಲ್ಲಿ ಭಾರಿ ಲಾರಿ ಬಿಡುವುದಿಲ್ಲ, ನಮಗೆ ಶಿರಾಡಿಯೇ ಗತಿ. ದೋಣಿಗಲ್ ದಾಟಿ ಇಳಿಜಾರು ಶುರುವಾಗುವ ಮೊದಲು ಉಸ್ತಾದರು ಸ್ಟೀರಿಂಗು ನನಗೆ ಬಿಟ್ಟು ಮೂರು ಮಾತು ಹೇಳಿದರು: ಹತ್ತೋ ಗೇರಲ್ಲೇ ಇಳಿಬೇಕು. ನ್ಯೂಟ್ರಲ್ ಅನ್ನೋದು ಮರೆತುಬಿಡು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬಂದರೆ ಲೈನರ್ ಕಾದು, ಬೇಕಾದಾಗ ಹಿಡಿಯಲ್ಲ. ಕಡಿಮೆ ಗೇರಿನಲ್ಲಿ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಎಕ್ಸಾಸ್ಟ್ ಬ್ರೇಕು ಬುಸ್ಸೆಂದು ಕೈಜೋಡಿಸುತ್ತದೆ. ನಾನು ಸೈಕಲ್ಲಿಗಿಂತ ಸ್ವಲ್ಪ ಜೋರಾಗಿ ಇಳಿಯತೊಡಗಿದೆ. ಹಿಂದೆ ಕಾರುಗಳ ಮೆರವಣಿಗೆ, ಹಾರ್ನಿನ ಓಲಗ. ಮೈಗೂಡಿದ ಸೊಸೆತನ ನೋಡಿ, ಪ್ರತಿ ಹಾರ್ನಿಗೂ ನಾನು "ಹಾ, ಬಂದೆ, ಬಂದೆ" ಅನ್ನುತ್ತಿದ್ದೆ. ಉಸ್ತಾದರು, "ಅವರು ನಿನ್ನ ಕರೀತಿಲ್ಲಮ್ಮ. ಯಾರು ಎಷ್ಟು ಕೂಗಿದ್ರೂ ನಿನ್ನ ಗೇರು ನಿನ್ನದು" ಅಂದರು. ಮದುವೆಯ ಹೊಸತರಲ್ಲಿ ಯಾರಾದರೂ ನನಗೆ ಈ ಮಾತು ಹೇಳಬಾರದಿತ್ತೇ!

ಆ ಹೊತ್ತಿಗೇ ಮನೆಯಿಂದ ಫೋನು. ಕ್ಲೀನರ್ ಹುಡುಗ ತೆಗೆದ. ಗುಂಡ್ಯ ಬರುವಷ್ಟರಲ್ಲಿ ಅತ್ತೆ ಅವನ ಊರು, ಮನೆದೇವರು, ಮೂರು ತಲೆಮಾರು ವಿಚಾರಿಸಿ ಒಂದು ಸಂಬಂಧವನ್ನೂ ಸೂಚಿಸಿದ್ದರು. ಕೊನೆಗೆ, "ಅವಳಿಗೆ ಕೇಳಪ್ಪಾ, ಹುಳಿಗೆ ಬೇಳೆ ಎಲ್ಲಿಟ್ಟಿದಾಳೆ ಅಂತ" ಅಂದರು. ಘಾಟಿಯ ತಿರುವಿನಲ್ಲಿ, 18.5 ಟನ್ ಹಿಡಿದುಕೊಂಡು, ನಾನು ಬೇಳೆ ಡಬ್ಬಿಯ ವಿಳಾಸ ಹೇಳಿದೆ: ಎಡಗಡೆ, ಎರಡನೇ ಸಾಲು, ಒಳಗಿನದು.

ಬಂದರಿನಲ್ಲಿ ಸರದಿ ಕಾಯುವಾಗ ಉಸ್ತಾದರು ನಿದ್ದೆ ಹೊಡೆದರು, ನಾನು ಮೊಬೈಲಿನಲ್ಲಿ ಕಾನೂನು ಓದಿದೆ. ಆಗಿನ್ನೂ ಜಾರಿಯಲ್ಲಿದ್ದ (2025ರ ನವೆಂಬರಿನಲ್ಲಿ ರದ್ದಾಯಿತು) 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಂತೆ: ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ. 5 ಗಂಟೆಗಿಂತ ಹೆಚ್ಚು ಒಂದೇ ಸಮ ದುಡಿಸುವ ಹಾಗಿಲ್ಲ, ನಡುವೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ. ವಾರಕ್ಕೊಂದು ರಜೆ. ಸಾಲದ್ದಕ್ಕೆ 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಏಸಿ ಕಡ್ಡಾಯ. ಎದ್ದ ಉಸ್ತಾದರಿಗೆ ಓದಿ ಹೇಳಿದೆ. "ಚೆನ್ನಾಗಿದೆ, ಯಾವ ದೇಶದ್ದು?" ಅಂದರು.

ನಾನು ಮಾತ್ರ ಅದನ್ನು ಮನೆಗೆ ತಂದೆ. ಊಟಕ್ಕೆ ಕೂತಾಗ, ಮುಂದೆ ನಮ್ಮ ಮನೆಯಲ್ಲೂ ಇದೇ ಕಾನೂನು ಎಂದು ಘೋಷಿಸಿದೆ. 5 ಗಂಟೆಗೊಮ್ಮೆ ಅರ್ಧ ಗಂಟೆ ಯಾರೂ ನನ್ನನ್ನು ಕೂಗಬಾರದು. ಭಾನುವಾರ ಗಾಡಿ ಶೆಡ್ಡಿನಲ್ಲಿ. ಅಡುಗೆಮನೆಯ ಏಸಿ ವಿಷಯ ಆಮೇಲೆ ಮಾತಾಡೋಣ. ಯಜಮಾನರು ನಕ್ಕು, "ಅದು ಲಾರಿ ಡ್ರೈವರಿಗೆ ಕಣೇ, ಸಂಸಾರಕ್ಕಲ್ಲ" ಅಂದರು. ನಾನು ಅತ್ತೆಯ ಮುಖ ನೋಡಿದೆ. ಸೊಸೆ ಕಾನೂನು ಮಾತಾಡಿದಾಗ ಅತ್ತೆ ಯಾವ ಪಕ್ಷ ಎನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ.

ಅತ್ತೆ ಮಜ್ಜಿಗೆ ಲೋಟ ಕೆಳಗಿಟ್ಟು ಮಗನಿಗೆ ಹೇಳಿದರು: "ನೀನು ಲೆಕ್ಕದ ಮೇಷ್ಟ್ರಲ್ವೇನೋ? ಹದಿನಾರಕ್ಕೆ ಈ ಮನೆಗೆ ಬಂದೆ. ದಿನಕ್ಕೆ ಎರಡು ಅರ್ಧ ಗಂಟೆ, ವಾರಕ್ಕೊಂದು ರಜ. ಬಾಕಿ ಎಷ್ಟಾಯ್ತು ತೆಗಿ."

ಯಜಮಾನರು ತಮಾಷೆ ಎಂದುಕೊಂಡರು. ಅತ್ತೆ ಪೆನ್ನು ತರಿಸಿದರು. ಎಲೆ ತೆಗೆಯುವ ಸರದಿ ಆ ಹೊತ್ತು ಮೊಮ್ಮಗನ ಪಾಲಿಗೆ ಬಂತು. ಅರ್ಧ ಹಾಳೆ ತುಂಬಿದ ಮೇಲೆ ಮೇಷ್ಟ್ರು ತಲೆಯೆತ್ತಿ, ಕೊಂಚ ರಿಯಾಯಿತಿ ಸಿಗಬಹುದೇನೋ ಎಂಬ ಆಸೆಯಿಂದ ಕೇಳಿದರು: "ಅಮ್ಮಾ, ನಾನು ಹುಟ್ಟಿದಾಗಿನ ಬಾಣಂತನದ ದಿನಗಳನ್ನ ರಜೆ ಅಂತ ಕಳೀಲಾ?"

"ಹುಟ್ಟಿದ ದಿನ ಬೇಕಾದ್ರೆ ಅರ್ಧ ದಿನ ಕಳಿ," ಅಂದರು ಅತ್ತೆ. "ಬೆಳಗಿನ ರೊಟ್ಟಿ ನಾನೇ ತಟ್ಟಿದ್ದೆ."