ಐವತ್ತು ರೂಪಾಯಿ ನೋಟಿನ ಕಾವ್ಯಮೀಮಾಂಸೆ

ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳು ಬೇಕೆಂದು ಪೂರ್ವಸೂರಿಗಳು ವಿಧಿಸಿದ್ದಾರೆ. 66 ಮಿಲಿಮೀಟರ್ ಅಗಲ, 135 ಮಿಲಿಮೀಟರ್ ಉದ್ದದ ಹತ್ತಿಯ ಕಾಗದದಲ್ಲಿ ಇವೆಲ್ಲ ಹಿಡಿಸುವುದುಂಟೇ ಎಂಬುದು ಪೂರ್ವಪಕ್ಷ. ಹಿಡಿಸಿ ಇನ್ನೂ ಜಾಗ ಮಿಕ್ಕಿದೆ ಎಂಬುದು ನಮ್ಮ ಸಿದ್ಧಾಂತ. ರಿಸರ್ವ್ ಬ್ಯಾಂಕ್ 2017ರಲ್ಲಿ ಹೊರತಂದ ನೀಲಿ ಬಣ್ಣದ ಐವತ್ತರ ನೋಟು ಈ ಅಧ್ಯಯನದ ವಸ್ತು. ಇದರಷ್ಟು ಕೈ ಬದಲಿಸಿಯೂ ಇದರಷ್ಟು ಕಡಿಮೆ ಓದಿಸಿಕೊಂಡ ಕೃತಿ ನಾಡಿನಲ್ಲಿ ಇನ್ನೊಂದಿರಲಾರದು. ಜನ ಅಂಕಿ ನೋಡುತ್ತಾರೆ, ಜೇಬಿಗಿಳಿಸುತ್ತಾರೆ.

ಮುಖಪುಟದ ಕಥನ ಒಂದೇ ವಾಕ್ಯದ್ದು, ಉತ್ತಮ ಪುರುಷದಲ್ಲಿದೆ. ಧಾರಕನಿಗೆ ಐವತ್ತು ರೂಪಾಯಿ ಕೊಡುವುದಾಗಿ ‘ನಾನು’ ವಚನ ನೀಡುತ್ತಾನೆ. ಕೆಳಗೆ ಗವರ್ನರರ ಸಹಿ. ವಚನವೂ ಇದೆ, ಅಂಕಿತವೂ ಇದೆ, ಪ್ರಕಾರ ಯಾವುದೆಂದು ಬಿಡಿಸಿ ಹೇಳಬೇಕಿಲ್ಲ. ಒಂದು ರೂಪಾಯಿ ನೋಟಿನಲ್ಲಿ ಮಾತ್ರ ಈ ವಚನವಿಲ್ಲ. ಅದನ್ನು ಹೊರಡಿಸುವುದು ಭಾರತ ಸರ್ಕಾರ, ಸಹಿ ಹಾಕುವವರು ಹಣಕಾಸು ಕಾರ್ಯದರ್ಶಿ. ಯಾರಿಗೂ ಯಾವ ಭರವಸೆಯನ್ನೂ ಕೊಡದೆ ಮುಯ್ಯಿ ಕವರಿನಲ್ಲಿ ನೂರರ ಪಕ್ಕ ಕೂರುವ ಅದನ್ನು ಶುದ್ಧ ಗದ್ಯವೆನ್ನಬೇಕು.

ಇನ್ನು ನಾಯಕನ ಮಂದಹಾಸ. ಇದರ ಮೂಲ 1946ರ ಒಂದು ಛಾಯಾಚಿತ್ರ. ಅದರಲ್ಲಿ ಗಾಂಧೀಜಿಯ ಪಕ್ಕ ಬ್ರಿಟಿಷ್ ಮಂತ್ರಿ ಪೆಥಿಕ್-ಲಾರೆನ್ಸ್ ನಿಂತಿದ್ದರು. ಸಂಪಾದಕರು ಕತ್ತರಿ ಹಿಡಿದರು. ಸಾಮ್ರಾಜ್ಯ ಹೋಯಿತು, ನಗು ಉಳಿಯಿತು. ಅಪರಿಗ್ರಹ ವ್ರತದ ಮನುಷ್ಯನನ್ನೇ ದುಡ್ಡಿನ ಮೇಲೆ ಕೂರಿಸಿದ್ದು ಔಚಿತ್ಯವೇ ಎಂದು ಕೇಳುವವರಿದ್ದಾರೆ. ಔಚಿತ್ಯವೇ ಕಾವ್ಯದ ಜೀವವೆಂದ ಕ್ಷೇಮೇಂದ್ರ ಇದ್ದಿದ್ದರೆ ಅವನನ್ನೇ ಕೇಳಬಹುದಿತ್ತು.

ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥ. ನೋಟನ್ನು ತಿರುಗಿಸಿದವರು ತೀರ ಕಡಿಮೆಯಾದ್ದರಿಂದ ಇದನ್ನು ಕೊಂಚ ವಿವರವಾಗಿ ಹೇಳಬೇಕು. ವಿಟ್ಠಲ ದೇವಾಲಯದ ಅಂಗಳದಲ್ಲಿರುವ ಇದು ನಿಜದಲ್ಲಿ ರಥವಲ್ಲ, ರಥದ ವೇಷ ತೊಟ್ಟ ಗರುಡನ ಗುಡಿ. ಹಾರುವ ಹಕ್ಕಿಗೆ ಕಟ್ಟಿದ, ಉರುಳದ ಚಕ್ರಗಳ ಮನೆ! ಶತಮಾನಗಳ ಕಾಲ ಇದ್ದಲ್ಲಿಂದ ಒಂದು ಗೇಣೂ ಅಲುಗದ ಈ ರಥ ಕಾಗದವೇರಿದ್ದೇ ತಡ, ಸೊಪ್ಪಿನ ಗಾಡಿಯಿಂದ ಕಂಡಕ್ಟರನ ಬೆರಳಸಂದಿಗೆ, ಅಲ್ಲಿಂದ ಹುಂಡಿಗೆ, ಹುಂಡಿಯಿಂದ ಬ್ಯಾಂಕಿಗೆ ದೇಶವಿಡೀ ಓಡುತ್ತಿದೆ. ವಿರೋಧಾಭಾಸ ಅಲಂಕಾರಕ್ಕೆ ಇದಕ್ಕಿಂತ ಅಗ್ಗದ ಉದಾಹರಣೆ ಸಿಗದು. ಬೆಲೆ ಮೇಲೆಯೇ ಅಚ್ಚಾಗಿದೆ.

ಧ್ವನಿಯ, ಅಂದರೆ ಹೇಳದೆ ಹೊಳೆಯಿಸುವ ಅರ್ಥದ, ವಿಚಾರಕ್ಕೆ ಬಂದರೆ ವಾಟರ್‌ಮಾರ್ಕೇ ಸಾಕು. ನೇರವಾಗಿ ನೋಡಿದರೆ ಖಾಲಿ ಜಾಗ, ಬೆಳಕಿಗೆ ಹಿಡಿದರೆ ಗಾಂಧಿ. ಆನಂದವರ್ಧನ ಕಾಶ್ಮೀರದಲ್ಲಿ ಕೂತು ತಾಳೆ ಹಾಕಿದ್ದನ್ನು ನಮ್ಮ ಬೀದಿಯ ದಿನಸಿ ಅಂಗಡಿಯವರು ದಿನಾ ಟ್ಯೂಬ್‌ಲೈಟಿನಡಿ ಪರೀಕ್ಷಿಸುತ್ತಾರೆ. ಒಂದು ಕಣ್ಣು ಕಿರಿದು ಮಾಡಿ, ಕಾಗದ ಎತ್ತಿ ಹಿಡಿದು, ಅನಂತರ ತಂದವನ ಮುಖವನ್ನೂ ಓದುವ ಈ ಸಹೃದಯನ ಎದುರು ವಿಶ್ವವಿದ್ಯಾಲಯಗಳ ವಿಮರ್ಶಕರು ನಿಲ್ಲಲಾರರು.

ಗ್ರಂಥಸಂಪಾದನೆಯ ನಿಯಮಗಳೂ ಇಲ್ಲಿ ಸ್ಪಷ್ಟ. ಮುದ್ರಣದಲ್ಲಿ ಕೆಟ್ಟ ಪ್ರತಿಗೆ ಬದಲಾಗಿ ಬಂದ ನೋಟಿನ ಸಂಖ್ಯೆಯಲ್ಲಿ ಒಂದು ನಕ್ಷತ್ರವಿರುತ್ತದೆ. ಪಾಠಾಂತರವನ್ನು ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡ ಸಂಪಾದಕರು ಕಡಿಮೆ. ತ್ರುಟಿತ ಪ್ರತಿಯ ದೊಡ್ಡ ತುಂಡು ಶೇಕಡಾ 80ಕ್ಕಿಂತ ಹೆಚ್ಚಿದ್ದರೆ ಪೂರ್ತಿ ಮೌಲ್ಯ, 40ರಿಂದ 80ರವರೆಗೆ ಅರ್ಧ, ಅದಕ್ಕೂ ಕಡಿಮೆಯಾದರೆ ಏನೂ ಇಲ್ಲ. ಹಳಗನ್ನಡ ಓಲೆಗರಿಗಳಿಗೆ ಈ ನಿಯಮ ಅನ್ವಯಿಸಿದ್ದರೆ ಎಷ್ಟೋ ಕವಿಗಳು ಅರ್ಧಕ್ಕೆ ಇಳಿಯುತ್ತಿದ್ದರು. ಅಂಚಿನಲ್ಲಿ ಪೆನ್ನಿನಿಂದ ಬರೆದ ಫೋನ್ ನಂಬರು, ಪ್ರೇಮಭಂಗದ ಘೋಷಣೆ ಇತ್ಯಾದಿಗಳು ಪ್ರಕ್ಷಿಪ್ತಗಳು. ರಿಸರ್ವ್ ಬ್ಯಾಂಕ್ ಬೇಡವೆಂದರೂ ವ್ಯಾಖ್ಯಾನಕಾರರು ನಿಂತಿಲ್ಲ.

ಈಚೆಗೆ ಅಂಗಡಿ ಅಂಗಡಿಯಲ್ಲಿ ನಿಂತಿರುವ ಕ್ಯೂಆರ್ ಕೋಡ್ ನವ್ಯಕ್ಕೆ ಸೇರಿದ್ದು. ಕಪ್ಪು ಬಿಳಿ ಚೌಕಗಳು, ಮುಖವಿಲ್ಲ, ರಥವಿಲ್ಲ, ಯಾರಿಗೂ ಅರ್ಥವಾಗುವುದಿಲ್ಲ. ಆದರೂ ಎಲ್ಲರೂ ಫೋನು ಬಾಗಿಸುತ್ತಾರೆ.

ನೋಟಿನ ಹಿಂಬದಿಯಲ್ಲೊಂದು ಹದಿನೈದು ಭಾಷೆಗಳ ಸಂಕಲನವಿದೆ. ಹದಿನೈದೂ ಕವಿಗಳು ಹೇಳುವುದು ಒಂದೇ ಮಾತು, ಜಗಳವಿಲ್ಲ, ಪ್ರಶಸ್ತಿಯಿಲ್ಲ. ಕ್ರಮ ಇಂಗ್ಲಿಷ್ ಅಕ್ಷರಮಾಲೆಯದು. ಅಸ್ಸಾಮಿ, ಬಂಗಾಳಿ, ಗುಜರಾತಿ ಆದಮೇಲೆ ನಾಲ್ಕನೆಯ ಸಾಲು ಕನ್ನಡದ್ದು. ನೋಟು ಅಚ್ಚಾಗುವ ದೇಶದ ನಾಲ್ಕು ಊರುಗಳಲ್ಲಿ ನಮ್ಮ ಮೈಸೂರೂ ಒಂದು. ಆದರೂ ಈ ಸಾಲಿಗೆ ಇದುವರೆಗೆ ಬಿಡುಗಡೆ ಸಮಾರಂಭವಾಗಲಿ, ಶಾಲು ಹಾರವಾಗಲಿ ದಕ್ಕಿಲ್ಲ. ಓದುಗರಲ್ಲಿ ಇಷ್ಟೇ ವಿನಂತಿ: ಮುಂದಿನ ಸಲ ಚಿಲ್ಲರೆಯಾಗಿ ಐವತ್ತರ ನೋಟು ಬಂದಾಗ, ಅಲ್ಲೇ ಕೌಂಟರಿನ ಮುಂದೆ ನಿಂತು, ತಿರುಗಿಸಿ, ಆ ನಾಲ್ಕನೆಯ ಸಾಲನ್ನು ಗಟ್ಟಿಯಾಗಿ ಓದಿ. ಹಿಂದೆ ಸಾಲಿನಲ್ಲಿ ನಿಂತವರು ಬೈದರೆ ಅದನ್ನು ವಿಮರ್ಶೆಯೆಂದೇ ಸ್ವೀಕರಿಸಿ.