ಕಿವಿಯಿದ್ದವರೆಲ್ಲ ಸೌಂಡ್ ಇಂಜಿನಿಯರೇ

ಕಛೇರಿ ಕೇಳಿ ಮನೆಗೆ ಹೊರಟ ಕನ್ನಡಿಗರು ರಾಗದ ಮಾತಿಗಿಂತ ಮೊದಲು ಮೈಕಿನ ಮಾತು ತೆಗೆಯುತ್ತಾರೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗಳಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದೇನೆ. ವೇದಿಕೆಯ ಮೇಲಿನವರು ‘ಮೃದಂಗ ಕಡಿಮೆ ಮಾಡಿ’ ಎಂದು ಕೈಸನ್ನೆ ಮಾಡಿದ್ದೇ ತಡ, ಕೆಳಗೆ ಕೂತ ನಾಲ್ಕು ಸಾಲು ಒಟ್ಟಿಗೇ ಹಿಂದೆ ತಿರುಗಿ ಮೈಕಿನವನನ್ನು ದುರುಗುಟ್ಟಿ ನೋಡುತ್ತವೆ. ವಿದ್ವಾಂಸರ ಶ್ರುತಿ ಸರಿಯಿಲ್ಲ ಅನ್ನಲು ನಾಲ್ಕು ವರ್ಷವಾದರೂ ಪಾಠ ಹೇಳಿಸಿಕೊಂಡಿರಬೇಕು. ಮೈಕು ಸರಿಯಿಲ್ಲ ಅನ್ನಲು ಟಿಕೆಟ್ ಕೂಡ ಬೇಡ, ಆಚೆ ಫುಟ್‌ಪಾತಿನಲ್ಲಿ ನಿಂತು ಕೇಳಿದ್ದರೂ ಸಾಕು.

ಕ್ಯಾಲಿಫೋರ್ನಿಯಾಕ್ಕೆ ಬರುವಾಗ ಈ ಹಕ್ಕನ್ನು ನಾವು ಯಾರೂ ಊರಲ್ಲಿ ಬಿಟ್ಟು ಬಂದಿಲ್ಲ.

ನಾವಿರುವ ಗಿಲ್‌ರಾಯ್ ಸ್ಯಾನ್ ಹೊಸೆಯ ದಕ್ಷಿಣಕ್ಕೆ, 101ನೇ ಹೆದ್ದಾರಿಯ ಮೇಲಿದೆ. ‘ವಿಶ್ವದ ಬೆಳ್ಳುಳ್ಳಿ ರಾಜಧಾನಿ’ ಎಂದು ತನಗೆ ತಾನೇ ಬಿರುದು ಕೊಟ್ಟುಕೊಂಡ ಊರು. 1979ರಲ್ಲಿ ಬೆಳ್ಳುಳ್ಳಿ ಜಾತ್ರೆ ಶುರುಮಾಡಿ, ಬಂದವರಿಗೆಲ್ಲ ಬೆಳ್ಳುಳ್ಳಿ ಐಸ್‌ಕ್ರೀಮನ್ನೂ ತಿನ್ನಿಸಿದ ಧೀರರು ಇಲ್ಲಿಯವರು. ಈಗ ಗಡ್ಡೆ ಹೆಚ್ಚಾಗಿ ಬೆಳೆಯುವುದು ಬೇರೆ ಕಡೆ. ಒಣಗಿ ಪುಡಿಯಾಗಲು ಮಾತ್ರ ಇಲ್ಲಿಗೆ ಬರುತ್ತದೆ. ಬೇಸಿಗೆಯ ಸಂಜೆ ಗಾಳಿ ಬೀಸಿತೋ, ಊರಿಗೆ ಊರೇ ಒಗ್ಗರಣೆ. ಇಂಥ ಊರಿಗೆ ಜುಲೈ ತಿಂಗಳಲ್ಲಿ ನಮ್ಮ ಮಾವನವರು ಬಂದಿಳಿದರು. ಮೈಸೂರಿನ ಮಾಧ್ವರು, ಹುಟ್ಟಿದಾಗಿನಿಂದ ಬೆಳ್ಳುಳ್ಳಿ ಮುಟ್ಟಿದವರಲ್ಲ. ಕಾರಿನ ಗಾಜು ಇಳಿಸಿದವರೇ ಮತ್ತೆ ಏರಿಸಿ, “ಅಲ್ರೀ ಅಳಿಯಂದಿರೇ, ಇಲ್ಲಿ ಉಸಿರಾಡಿದ್ರೂ ಪ್ರಾಯಶ್ಚಿತ್ತ ಮಾಡ್ಕೋಬೇಕಲ್ಲ!” ಎಂದರು.

ಅವರು ಬಂದ ವಾರವೇ ಒಂದು ಶನಿವಾರ ಗೆಳೆಯರು ಸೇರಿ ಬ್ಲೂಸ್ ಹಾಡುಗಾರ ಜಾನ್ ಲೀ ಹೂಕರ್ ಅವರ ‘ದಿ ಹೀಲರ್’ ಎಲ್‌ಪಿ ಕೇಳುವುದೆಂದು ಗೊತ್ತಾಗಿತ್ತು. ಹೂಕರ್ ಹುಟ್ಟಿದ್ದು ಮಿಸಿಸಿಪ್ಪಿಯಲ್ಲಿ, ಹೆಸರು ಮಾಡಿದ್ದು ಡೆಟ್ರಾಯಿಟ್‌ನಲ್ಲಿ. ಆದರೆ ಕೊನೆಯ ಕಾಲವನ್ನೆಲ್ಲ ಕಳೆದದ್ದು ನಮ್ಮ ಕೊಲ್ಲಿ ಪ್ರದೇಶದಲ್ಲೇ. 2001ರಲ್ಲಿ ತೀರಿಕೊಂಡದ್ದು ಲಾಸ್ ಆಲ್ಟೋಸ್‌ನಲ್ಲಿ. ಎಪ್ಪತ್ತು ದಾಟಿದ ಅಜ್ಜನನ್ನು ರಾಕ್ ಸಂಗೀತದ ದೊಡ್ಡ ದೊಡ್ಡವರ ನಡುವೆ ಕೂರಿಸಿ 1989ರಲ್ಲಿ ಈ ಆಲ್ಬಂ ಹೊರತಂದವರು ಸ್ಲೈಡ್ ಗಿಟಾರ್ ವಾದಕ ರಾಯ್ ರೋಜರ್ಸ್. (ಕುದುರೆ ಏರಿ ಹಾಡುತ್ತಿದ್ದ ಸಿನಿಮಾ ನಟನಲ್ಲ. ಆ ನಟನ ಹೆಸರನ್ನೇ ಇವರಿಗೆ ಇಟ್ಟದ್ದು. ನಮ್ಮಲ್ಲಿ ಮನೆಗೊಬ್ಬ ರಾಜಕುಮಾರ ಇದ್ದ ಹಾಗೆಯೇ.) ಕಾರ್ಲೋಸ್ ಸ್ಯಾಂಟಾನಾ, ಬಾನಿ ರೇಟ್, ರಾಬರ್ಟ್ ಕ್ರೇ, ಲಾಸ್ ಲೋಬೋಸ್, ಎಲ್ಲರೂ ಒಂದೊಂದು ಹಾಡಿಗೆ ಕೈಜೋಡಿಸಿದ್ದಾರೆ.

ಮೊದಲು ಬಂದವರು ಫ್ರೀಮಾಂಟ್‌ನ ಮಿತ್ರರು. ಅವರ ಮನೆಯ ವಾಲ್ವ್ ಆಂಪ್ಲಿಫೈಯರಿನ ನಿಜವಾದ ಬೆಲೆ ಅವರ ಹೆಂಡತಿಗೆ ಗೊತ್ತಿಲ್ಲ, ನನಗೆ ಗೊತ್ತು. ನನ್ನ ಮೇಲೆ ಅವರಿಗಿರುವ ಗೌರವಕ್ಕೆ ಅದೇ ಆಧಾರ. ಚಪ್ಪಲಿ ಬಿಟ್ಟವರು ನೀರೂ ಕುಡಿಯದೆ ಹಾಲಿನ ಮೂಲೆಮೂಲೆಗೆ ಹೋಗಿ ಚಪ್ಪಾಳೆ ತಟ್ಟಿ, ತಲೆ ವಾಲಿಸಿ ಕೇಳಿಸಿಕೊಂಡರು. ‘ಭಜನೆ ಶುರುವಾಯ್ತಾ?’ ಎನ್ನುತ್ತ ಅತ್ತೆ ಅಡಿಗೆಮನೆಯಿಂದ ಓಡಿಬಂದರು. “ಗೋಡೆ ಟೊಳ್ಳು ಕಣ್ರೀ, ಬಾಸ್ ಎಲ್ಲ ಅದರೊಳಗೇ ಹೋಗ್ತಿದೆ” ಎಂದು ಮಿತ್ರರು ತೀರ್ಪು ಕೊಟ್ಟು, ಸೋಫಾವನ್ನು ನಡುಮನೆಗೆ ಎಳೆದು, ಮಧ್ಯದ ಜಾಗದಲ್ಲಿ ತಾವು ಕೂತರು. ಸ್ಟೀರಿಯೋದ ಸುಖ ಆ ಒಂದು ಜಾಗದಲ್ಲಿ ಮಾತ್ರ ಸಿಗುತ್ತದಂತೆ. ಉಳಿದ ನಾವೆಲ್ಲ ಎಡಗಿವಿಯವರು, ಬಲಗಿವಿಯವರು.

ಮುಳ್ಳು ಇಳಿಯಿತು. ಮೊದಲ ಹಾಡಿನಲ್ಲಿ ಸ್ಯಾಂಟಾನಾ ಗಿಟಾರ್ ಕೊರೆಯುತ್ತಿದ್ದರೆ, ಹೂಕರ್ ಮದುವೆಮನೆಯ ಮೂಲೆಯ ಕುರ್ಚಿಯಲ್ಲಿ ಕೂತ ಹಿರಿಯರ ಹಾಗೆ ಆಗಾಗ ಒಂದು ಮಾತು ಆಡಿ ಸುಮ್ಮನಾಗುತ್ತಾರೆ. “ಇದು ಹೂಕರ್ ಆಲ್ಬಮ್ಮೇ ಅಲ್ಲ” ಎಂದರು ಇನ್ನೊಬ್ಬ ಗೆಳೆಯರು, ಸನಿವೇಲ್‌ನವರು. ಇವರು ಶುದ್ಧವಾದಿಗಳು. ಎಂಬತ್ತರ ದಶಕದ ಎಕೋ ಸುರಿದು ಅಜ್ಜನಿಗೆ ಸ್ನೋ ಪೌಡರ್ ಬಳಿದಿದ್ದಾರೆ ಎಂಬುದು ಅವರ ಆಕ್ಷೇಪ. ಫ್ರೀಮಾಂಟ್‌ನವರಿಗೆ ಡ್ರಮ್ಮು ಮುಂದೆ ಬಂದದ್ದು ಸರಿಬೀಳಲಿಲ್ಲ. ನನ್ನ ಮಗಳು ಒಂದು ಕಿವಿಯ ಇಯರ್‌ಬಡ್ ತೆಗೆದು, “ಹಾಡು ಯಾವಾಗ ಶುರುವಾಗತ್ತೆ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಅದನ್ನು ಮತ್ತೆ ಸಿಕ್ಕಿಸಿಕೊಂಡಳು. ಬಾನಿ ರೇಟ್ ಜೊತೆಗಿನ ‘ಐಯಾಮ್ ಇನ್ ದಿ ಮೂಡ್’ ಬಂದಾಗ ಅತ್ತೆ ಕೊತ್ತಂಬರಿ ಬಿಡಿಸುತ್ತ, “ಹುಡುಗಿ ಚೆನ್ನಾಗಿ ಹಾಡ್ತಾಳೆ, ಪಾಪ. ಆ ಮುದುಕ ಯಾಕೆ ನಡುನಡುವೆ ಗೊಣಗ್ತಾನೆ?” ಎಂದರು. 1990ರಲ್ಲಿ ಆ ಗೊಣಗಾಟಕ್ಕೇ ಗ್ರ್ಯಾಮಿ ಪ್ರಶಸ್ತಿ ಬಂದದ್ದನ್ನು ನಾನು ಹೇಳಲು ಹೋಗಲಿಲ್ಲ. ಅಂದಿನ ಊಟ ಅವರ ಕೈಯಲ್ಲಿತ್ತು.

ಮಾವನವರು ಮಾತ್ರ ತುಟಿಪಿಟಕ್ಕೆನ್ನದೆ ತೊಡೆಯ ಮೇಲೆ ಆದಿತಾಳ ಹಾಕುತ್ತಿದ್ದರು. ಎರಡನೆಯ ಪಕ್ಕದಲ್ಲಿ ಅತಿಥಿಗಳೆಲ್ಲ ಎದ್ದುಹೋಗಿ ಅಜ್ಜ ಒಬ್ಬರೇ ಗಿಟಾರ್ ಹಿಡಿದು ಉಳಿಯುವ ಹಾಡು ಬಂತು. ನನ್ನ ಮಟ್ಟಿಗೆ ಇಡೀ ಆಲ್ಬಂ ಇರುವುದೇ ಅಲ್ಲಿ. ಮಾವನವರ ಕೈ ಅಲ್ಲೇ ತಡವರಿಸಿತು. “ಆವರ್ತ ಮುಗಿಯೋಕ್ಮುಂಚೆ ತಿರುಗ್‌ಬಿಟ್ರಲ್ರೀ!” ಬ್ಲೂಸಿನ ಲೆಕ್ಕ ಹನ್ನೆರಡು ಬಾರ್. ಹೂಕರ್ ಮನಸ್ಸು ಬಂದರೆ ಹನ್ನೊಂದಕ್ಕೇ ತಿರುಗಿಯಾರು, ಇಲ್ಲವೇ ಹದಿಮೂರಕ್ಕೆ ಎಳೆದಾರು. ಪಕ್ಕವಾದ್ಯದವರು ಬಾಯಿ ನೋಡಿಕೊಂಡೇ ನುಡಿಸಬೇಕು. “ಹಾಗಾದ್ರೆ ದೊಡ್ಡ ವಿದ್ವಾಂಸರೇ ಬಿಡಿ” ಎಂದು ಮಾವನವರು ತಾಳ ಬಿಟ್ಟು ಒರಗಿ ಕೂತರು.

ಸನಿವೇಲ್‌ನವರು ಬಿಡಲಿಲ್ಲ. ಅಸಲಿ ಹೂಕರ್ ಬೇಕಾದರೆ 1948ರ ‘ಬೂಗಿ ಚಿಲ್ಲನ್’ ಕೇಳಬೇಕು; ಒಂದು ಗಿಟಾರು, ಒಂದು ಗಂಟಲು, ಕಲಬೆರಕೆಯೇ ಇಲ್ಲ ಎಂದು ಅಬ್ಬರಿಸಿದರು. ಈ ಅಸಲಿ ಹೂಕರ್ ಆ ಕಾಲದಲ್ಲಿ ಒಪ್ಪಂದದ ಕಣ್ಣು ತಪ್ಪಿಸಿ ಟೆಕ್ಸಸ್ ಸ್ಲಿಮ್, ಡೆಲ್ಟಾ ಜಾನ್, ಬರ್ಮಿಂಗ್‌ಹ್ಯಾಮ್ ಸ್ಯಾಮ್ ಎಂದೆಲ್ಲ ಬೇರೆಬೇರೆ ಹೆಸರಲ್ಲಿ ಬೇರೆಬೇರೆ ಕಂಪನಿಗಳಿಗೆ ಹಾಡಿಕೊಡುತ್ತಿದ್ದರು. ಅದು ಹೋಗಲಿ. ಡೆಟ್ರಾಯಿಟ್‌ನ ಆ ಶುದ್ಧ ಧ್ವನಿಮುದ್ರಣದಲ್ಲೇ ನಿರ್ಮಾಪಕ ಬರ್ನಾರ್ಡ್ ಬೆಸ್ಮನ್ ಹೂಕರ್ ಕಾಲಡಿಗೆ ಹಲಗೆ ಕೊಟ್ಟು, ಕುಟ್ಟುವ ಬೂಟಿನ ಸದ್ದನ್ನು ಮೈಕಿಗೆ ಹಿಡಿದಿದ್ದರು. 1951ರ ಮೊದಲ ‘ಐಯಾಮ್ ಇನ್ ದಿ ಮೂಡ್’ನಲ್ಲಂತೂ ಒಬ್ಬರ ಗಂಟಲನ್ನೇ ಪದರ ಪದರವಾಗಿ ಒಂದರ ಮೇಲೊಂದು ಕೂರಿಸಿದ್ದಾರೆ. ಇನ್ನು ಎಕೋ? ಸ್ಟುಡಿಯೋದ ಕಕ್ಕಸಿನಲ್ಲಿ ಮೈಕು, ಸ್ಪೀಕರು ಇಟ್ಟು, ಅಲ್ಲಿಂದ ಮರಳಿ ಬಂದ ದನಿಯನ್ನು ಹಾಡಿಗೆ ಬೆರೆಸಿದರು ಎಂಬ ಕತೆ ಇಂದಿಗೂ ಚಾಲ್ತಿಯಲ್ಲಿದೆ.

ಇಷ್ಟು ಹೇಳಿದ್ದೇ ಸಭೆ ಸ್ತಬ್ಧವಾಯಿತು. ಸನಿವೇಲ್‌ನವರು ಚಕ್ಕುಲಿಯ ತಟ್ಟೆಯನ್ನು ಹತ್ತಿರ ಎಳೆದುಕೊಂಡರು. ಮಾವನವರು ಕನ್ನಡಕ ತೆಗೆದು ಒರೆಸುತ್ತ, “ತೊಳೆದಿದ್ರಂತಾ?” ಎಂದು ವಿಚಾರಿಸಿದರು.

“ಅದು ಗೊತ್ತಿಲ್ಲ, ಮಾವ.”

“ಹೋಗ್ಲಿ ಬಿಡಿ, ದನಿಗೆ ಮೈಲಿಗೆಯಿಲ್ಲ” ಎಂದವರು, ಫ್ರೀಮಾಂಟ್‌ನವರು ಸೋಫಾ ಬಿಟ್ಟು ಮೆಲ್ಲಗೆ ನಮ್ಮ ಬಚ್ಚಲುಮನೆಯ ಕಡೆ ಚಪ್ಪಾಳೆ ತಟ್ಟುತ್ತ ಹೊರಟದ್ದನ್ನು ಕಂಡು ನನ್ನ ಕೈ ಹಿಡಿದುಕೊಂಡರು. “ಆ ಸ್ಪೀಕರ್ ವೈರು ಅಲ್ಲೀತನಕ ಎಟುಕತ್ತೇನ್ರೀ? ಬೆಳಿಗ್ಗೆ ಐದಕ್ಕೆ ನನಗೆ ಸ್ನಾನ ಆಗ್ಬೇಕು.”