ಅಲ್ಬಿನ್ ಪ್ರತಿದಾನ ಮೀಮಾಂಸೆ

ಶಾಸ್ತ್ರವೆಂದಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳಿರಬೇಕೆಂದು ಪ್ರಾಚೀನರು ವಿಧಿಸಿರುವುದರಿಂದ ಅವನ್ನು ಮೊದಲೇ ನಿರೂಪಿಸುವುದು ಉಚಿತ. ಇಲ್ಲಿ ವಿಷಯವು ಚದುರಂಗದಲ್ಲಿ ಅಲ್ಬಿನ್ನನ ಹೆಸರಿನಿಂದ ಪ್ರಸಿದ್ಧವಾದ ಆರಂಭ. ಪ್ರಯೋಜನವು ಪರರ ಔದಾರ್ಯದಿಂದ ಆತ್ಮರಕ್ಷಣೆ. ಇವೆರಡರ ಸಂಬಂಧವು ಆಟ ಮುಗಿಯುವವರೆಗೂ ಸಂದಿಗ್ಧ. ಅಧಿಕಾರಿಯಾದರೋ, ಕಾಲಾಳೊಂದನ್ನು ಕಳೆದುಕೊಂಡೂ ಮುಖದಲ್ಲಿ ಸಂತೃಪ್ತಿಯನ್ನು ಉಳಿಸಿಕೊಳ್ಳಬಲ್ಲ ಸ್ಥಿತಪ್ರಜ್ಞನು ಮಾತ್ರ.

ಶುಕ್ಲಪಕ್ಷದವನು ಮಂತ್ರಿಯ ಮುಂದಣ ಕಾಲಾಳನ್ನು ಎರಡು ಮನೆ ನಡೆಸಿ, ಕೃಷ್ಣಪಕ್ಷದವನೂ ಹಾಗೆಯೇ ಮಾಡಲು, ಪಕ್ಕದ ಒಂಟೆಯ ಕಾಲಾಳನ್ನು ಮುಂದೂಡಿ ದಾನಶೂರನಾಗುವನು; ಕೊಂಡವನು ಅದನ್ನು ಬಹುಕಾಲ ಉಳಿಸಿಕೊಳ್ಳಲಾರನೆಂಬುದು ಬಲ್ಲ ಸಂಗತಿಯಾದ್ದರಿಂದಲೇ ಈ ಮುಕ್ತಹಸ್ತ. ಆಗ ಕೃಷ್ಣನು ಕೊಳ್ಳದೆ, ಒಲ್ಲೆನೆನ್ನದೆ, ರಾಜನ ಮುಂದಣ ಕಾಲಾಳನ್ನೇ ಎರಡು ಮನೆ ತಳ್ಳಿ, ಮದುವೆಯ ಮನೆಯಲ್ಲಿ ಮುಯ್ಯಿ ಓದಿಸಿದವನಿಗೆ ನಿಂತ ನಿಲುವಿನಲ್ಲಿಯೇ ಮರುಮುಯ್ಯಿ ಓದಿಸುವನು. ಶುಕ್ಲನು ಅದನ್ನು ಹೊಡೆದೊಡನೆ, ಕರಿಯ ಮಂತ್ರಿಯ ಕಾಲಾಳು ಮತ್ತೊಂದು ಮನೆ ಮುಂದುವರಿದು, ಬಿಳಿಯ ಕುದುರೆಯೊಂದಕ್ಕೆ ಅದರ ಸಹಜವಾದ ನೆಲೆಯನ್ನೇ ಇಲ್ಲವಾಗಿಸುತ್ತದೆ.

'ಅಂಥ ಕಾಲಾಳನ್ನು ಕೆಣಕಬಾರದೇಕೆ?' ಎಂದು ಪೂರ್ವಪಕ್ಷ. ಕೆಣಕಬಹುದು, ಫಲವನ್ನು ಅನುಭವಿಸತಕ್ಕದ್ದು. ಶುಕ್ಲನು ರಾಜನ ಕಾಲಾಳನ್ನು ಒಂದು ಮನೆ ನಡೆಸಿದರೆ ಕರಿಯ ಒಂಟೆ ಶಹ ಕೊಡುವುದು. ಬಿಳಿಯ ಒಂಟೆ ಅಡ್ಡ ಬರುವುದು. ಕರಿಯ ಕಾಲಾಳು ಕೆಣಕಿದವನನ್ನೇ ಹೊಡೆಯುವುದು. ಇಲ್ಲಿ ಶುಕ್ಲನು ಲೋಭದಿಂದ ಒಂಟೆಯನ್ನು ಹೊಡೆದನೋ, ಆ ಕಾಲಾಳು ಇನ್ನೊಂದು ಕಾಲಾಳನ್ನು ಹೊಡೆದು ಶಹ ಕೊಟ್ಟು, ಅದನ್ನು ಹೊಡೆದರೆ ಮಂತ್ರಿಯನ್ನು ಕಳೆದುಕೊಳ್ಳಬೇಕಾದ ರಾಜನು ಒಂದು ಮನೆ ಮುಂದೆ ಸರಿಯಲು, ಕುದುರೆಯೊಂದನ್ನು ನುಂಗಿ ಕಡೆಯ ಸಾಲನ್ನು ಸೇರುವುದು. ಅಲ್ಲಿ ಮಂತ್ರಿಪದವಿಯನ್ನು ತಿರಸ್ಕರಿಸಿ ಕುದುರೆಯಾಗುವುದೇ ಸಿದ್ಧಾಂತ: ಮಂತ್ರಿಯಾದರೆ ಶುಕ್ಲನು ಶಹದೊಡನೆ ಹಳೆಯ ಮಂತ್ರಿಗಳನ್ನು ಬದಲಾಯಿಸಿ, ಹೊಸಬನನ್ನು ಆನೆಯಿಂದ ಹೊಡೆದು ನಿಶ್ಚಿಂತನಾಗುವನು, ಕುದುರೆಯಾದರೆ ಅದೇ ಶಹ, ಅದನ್ನು ಆನೆ ಹೊಡೆದರೆ ಕರಿಯ ಎರಡನೆಯ ಒಂಟೆ ಶಹ ಕೊಟ್ಟು ರಾಜನ ಬೆನ್ನ ಹಿಂದಿರುವ ಮಂತ್ರಿಯನ್ನು ಕೀಳುವುದು. ಮಂತ್ರಿಪದವಿ ಕಾಲಬುಡಕ್ಕೆ ಬಂದಾಗ ಬೇಡವೆಂದ ದೃಷ್ಟಾಂತವು ರಾಜನೀತಿ ಗ್ರಂಥಗಳಲ್ಲಿ ದುರ್ಲಭ.

ಇನ್ನು ಕರ್ತೃತ್ವ ವಿಚಾರ. ಬುಕಾರೆಸ್ಟಿನಲ್ಲಿ ಜನಿಸಿದ ಅಡಾಲ್ಫ್ ಅಲ್ಬಿನ್ನನು 1893ರಲ್ಲಿ ನ್ಯೂಯಾರ್ಕಿನಲ್ಲಿ ಎಮಾನುಯೆಲ್ ಲಾಸ್ಕರನ ಮೇಲೆ ಇದನ್ನು ಪ್ರಯೋಗಿಸಿದ್ದರಿಂದ ಆರಂಭಕ್ಕೆ ಅವನ ಹೆಸರು. 1881ರಲ್ಲಿಯೇ ಮಿಲಾನಿನಲ್ಲಿ ಸಾಲ್ವಿಯೋಲಿಯ ಎದುರು ಇದನ್ನಾಡಿದವನು ಕಾವಲ್ಲೊಟ್ಟಿ. ಮೇಲಣ ಕುಣಿಕೆಗೆ ಲಾಸ್ಕರನ ಹೆಸರು. ಅದನ್ನು ಮೊದಲು ಸೂಚಿಸಿದವನು ಇಟಲಿಯ ದುಬ್ವಾ. ಲಾಸ್ಕರನಾದರೋ ನ್ಯೂಯಾರ್ಕಿನಲ್ಲಿ ಬಿಳಿಯ ಕಡೆಯಲ್ಲಿ ಕುಳಿತಿದ್ದವನು. ಅಲ್ಬಿನ್ನನನ್ನು ಮಾತ್ರವಲ್ಲ, ಆ ಸ್ಪರ್ಧೆಯ 13 ಆಟಗಳಲ್ಲಿ ಎದುರಾದವರೆಲ್ಲರನ್ನೂ ಸೋಲಿಸಿದವನು. ದಾನವು ದಾನವಲ್ಲದ ಕಡೆ ಕೀರ್ತಿಯು ಕರ್ತನದಾಗದಿರುವುದು ನ್ಯಾಯವೇ ಸರಿ.

ಶುಕ್ಲನು ಕೆಣಕದೆ ರಾಜನ ಕಡೆಯ ಕುದುರೆಯನ್ನು ಹೊರತಂದು, ಆ ಕಡೆಯ ಒಂಟೆಯನ್ನು ಉದ್ದನೆಯ ಓರೆಸಾಲಿನಲ್ಲಿ ನಿಲ್ಲಿಸಿದರೆ ಕೃಷ್ಣನ ಪಾಲಿಗೆ ಕಾಲಾಳಿನ ನಷ್ಟವೊಂದೇ ಉಳಿಯುವುದೆಂದು ಪ್ರಾಜ್ಞರು ನುಡಿವರು. ರಷ್ಯದ ಮೊರೊಜೆವಿಚ್ಚನು ಆ ಪ್ರಾಜ್ಞರ ಮಾತಿಗೆ ಕಿವಿಗೊಡದೆ ಇದನ್ನು ಪುನರುಜ್ಜೀವಿಸಿದನು. ಈ ಪ್ರಬಂಧವನ್ನೋದಿ ಆಡಿ ಸೋತವರು ಅಲ್ಬಿನ್ನನನ್ನು ದೂಷಿಸತಕ್ಕದ್ದು. ಗೆದ್ದವರು ಸಂಪ್ರದಾಯಕ್ಕನುಸಾರವಾಗಿ ಆಡದೆ ಇದ್ದ ಒಬ್ಬನಿಗೆ ಕೀರ್ತಿಯನ್ನು ಸಲ್ಲಿಸತಕ್ಕದ್ದು, ಅಂಥವನು ದೊರೆಯದಿದ್ದಲ್ಲಿ ಪ್ರಕೃತ ಲೇಖಕನು ಸಿದ್ಧನಿದ್ದಾನೆ.